ಜಾಮಿನಿ ರಾಯ್ ಅಂತ ಅಪ್ಪ ಕೊಂಡ ಚಿತ್ರ ನಕಲಿಯಂತೆ, ಬಿಲ್ಲಿನಲ್ಲಿ ಮಾತ್ರ ಹೆಸರೇ ಇಲ್ಲ. ಏನು ಮಾಡಬಹುದು?

ಸರಸ್ವತಿಪುರಂ_7 ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ.

ಅಪ್ಪ ಕೆಇಬಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಚಿತ್ರಗಳ ಹುಚ್ಚು ಮೊದಲಿನಿಂದಲೂ ಇದೆ. ನಾವು ಚಿಕ್ಕವರಿದ್ದಾಗ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಲ್ಲಿಸಿ, "ಇದು ರವಿವರ್ಮಂದಲ್ಲ, ಹಲ್ದಂಕರ್ ಅವರದು. ಯಾರಾದ್ರೂ ರವಿವರ್ಮ ಅಂದ್ರೆ ತಿದ್ದಿ" ಅಂತ ಪಾಠ ಮಾಡುತ್ತಿದ್ದರು. ನಾವು ಅಲ್ಲಿಗೆ ಬಂದ ಟೂರಿಸ್ಟುಗಳನ್ನೂ ತಿದ್ದಿ ಬೈಸಿಕೊಂಡಿದ್ದೇವೆ.

2021ರ ಮಾರ್ಚ್‌ನಲ್ಲಿ ಬೆಂಗಳೂರಿನ ಒಬ್ಬ ಗ್ಯಾಲರಿಯವರಿಂದ (ಹೆಸರು ಬೇಡ) ಬಂಗಾಳದ ಹೆಸರಾಂತ ಕಲಾವಿದ ಜಾಮಿನಿ ರಾಯ್ ಅವರ ಚಿತ್ರ ಅಂತ ಒಂದನ್ನು ಆರೂವರೆ ಲಕ್ಷಕ್ಕೆ ಕೊಂಡರು. ದಪ್ಪ ಕಾಗದದ ಮೇಲೆ ಉದ್ದ ಕಣ್ಣಿನ ಮೂವರು ಹೆಂಗಸರು, ಇಟ್ಟಿಗೆ ಕೆಂಪು ಹಿನ್ನೆಲೆ, ಬಲಗಡೆ ಕೆಳಗೆ ಬಂಗಾಳಿಯಲ್ಲಿ ಸಹಿ. ಜೊತೆಗೆ ಒಂದು ಸರ್ಟಿಫಿಕೇಟ್: "1938ರ ಮೂಲ ಕೃತಿ, ಟೆಂಪೆರಾ, ಕಲ್ಕತ್ತೆಯ ಖಾಸಗಿ ಸಂಗ್ರಹದಿಂದ" ಅಂತ. (ಟೆಂಪೆರಾ ಅಂದರೆ ಅಂಟು ಅಥವಾ ಮೊಟ್ಟೆಯಲ್ಲಿ ಕಲಸಿದ ಬಣ್ಣ.) ಸಹಿ ಹಾಕಿರುವುದು ಯಾರೋ "ಕಲಾ ಸಲಹೆಗಾರರು", ಲೆಟರ್‌ಹೆಡ್ ಗ್ಯಾಲರಿಯದೇ.

ಈಗ ಅಮ್ಮನ ಮಂಡಿ ಆಪರೇಷನ್‌ಗೆ ಅಂತ ಮಾರಲು ಹೊರಟೆವು. ಮುಂಬೈನ ಹರಾಜು ಕಂಪನಿಯೊಂದಕ್ಕೆ ಫೋಟೋ ಕಳಿಸಿದರೆ, ಕಳೆದ ತಿಂಗಳು ಇಮೇಲ್ ಬಂತು: "ಈ ಕೃತಿಯನ್ನು ಸ್ವೀಕರಿಸಲು ಆಗುವುದಿಲ್ಲ." ಕಾರಣ ಇಲ್ಲ. ಫೋನ್ ಮಾಡಿ ಪೀಡಿಸಿದ ಮೇಲೆ ಒಬ್ಬರು ಮೆಲ್ಲಗೆ, "ಮೇಡಂ, ಇದನ್ನು ಇನ್ನೆಲ್ಲೂ ತೋರಿಸಬೇಡಿ" ಅಂದರು.

ಬಿಲ್ ತೆಗೆದು ನೋಡಿದರೆ ಅದರಲ್ಲಿ ಇರುವುದು ಇಷ್ಟೇ: "ಡೆಕೊರೇಟಿವ್ ಪೇಂಟಿಂಗ್, ಬೆಂಗಾಲ್ ಸ್ಟೈಲ್, 1 ನಗ." ಜಾಮಿನಿ ರಾಯ್ ಹೆಸರು ಎಲ್ಲೂ ಇಲ್ಲ.

ದುಡ್ಡು ವಾಪಸ್ ಕೇಳಲು ಆಗುತ್ತಾ? ನಾಲ್ಕು ವರ್ಷ ದಾಟಿದೆ. ಪೊಲೀಸ್ ಕಂಪ್ಲೇಂಟ್ ಕೊಡಬೇಕಾ? ಅಪ್ಪನ ಸ್ನೇಹಿತರೊಬ್ಬರು "ಸುಮ್ಮನೆ ಇನ್ನೊಬ್ಬರಿಗೆ ಮಾರಿಬಿಡಿ" ಅಂತಿದ್ದಾರೆ. ನ್ಯೂಜೆರ್ಸಿಯಲ್ಲಿರುವ ಅಕ್ಕ "ನಕಲಿ ಆದ್ರೂ ಚೆನ್ನಾಗಿದೆ, ನನಗೆ ಕಳಿಸು" ಅಂತಿದ್ದಾಳೆ.

ಹಳೇಬೇರು

ಅಪ್ಪನ ಸ್ನೇಹಿತರಿಗೇ ಮಾರಿ. 😀

ಗಾಜು_ಚೌಕಟ್ಟು

ಮೇಡಂ, ನಾನು ಬೆಂಗಳೂರಲ್ಲಿ ಫ್ರೇಮ್ ಹಾಕೋ ಅಂಗಡಿಯವನು. ಕಾನೂನು ನನಗೆ ಗೊತ್ತಿಲ್ಲ, ಚಿತ್ರದ ಬೆನ್ನು ಗೊತ್ತು.

ಮೊದಲು ಒಂದು ಕೆಲಸ ಮಾಡಿ. ನೋಟು ಚೆಕ್ ಮಾಡೋ ಯುವಿ ಟಾರ್ಚ್ ಸಿಗುತ್ತೆ, ಮುನ್ನೂರು ನಾನೂರು ರೂಪಾಯಿ. ರಾತ್ರಿ ರೂಮಿನ ಲೈಟ್ ಎಲ್ಲಾ ಆರಿಸಿ ಚಿತ್ರದ ಕಾಗದದ ಅಂಚಿಗೆ ಬಿಡಿ. ಕಾಗದ ಬೆಳ್ಳಗೆ ಕಾಣಲಿ ಅಂತ ಕಾರ್ಖಾನೆಯಲ್ಲಿ ಒಂದು ಕೆಮಿಕಲ್ ಹಾಕ್ತಾರೆ, ಬಟ್ಟೆ ಸೋಪಿನ ಪುಡಿಯಲ್ಲಿ ಹಾಕ್ತಾರಲ್ಲ ಅದೇ ಜಾತಿದು. ಅದು ಕಾಗದಕ್ಕೆ ಬಂದಿದ್ದು 1950ರ ಆಸುಪಾಸಿಂದ ಈಚೆಗೆ. ಟಾರ್ಚ್ ಬಿಟ್ಟಾಗ ಕಾಗದ ನೀಲಿಯಾಗಿ ಫಳಫಳ ಹೊಳೆದರೆ ಅದು 1938ರ ಕಾಗದ ಅಲ್ಲ, ಅಷ್ಟೇ. ಹೊಳೆಯಲಿಲ್ಲ ಅಂದ್ರೆ ಏನೂ ಸಾಬೀತಾಗಲ್ಲ, ಹಳೇ ಕಾಗದದ ಮೇಲೂ ಹೊಸದಾಗಿ ಬರೆಯೋರು ಇದಾರೆ. ಒಂದು ಎಚ್ಚರ: ಸುತ್ತ ಇರೋ ಮೌಂಟ್ ಬೋರ್ಡು ಹೊಳೆದರೆ ಲೆಕ್ಕಕ್ಕಿಲ್ಲ, ಅದನ್ನ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಬದಲಾಯಿಸ್ತಾರೆ. ಚಿತ್ರ ಬರೆದಿರೋ ಕಾಗದವೇ ಹೊಳೀಬೇಕು.

ಇನ್ನೊಂದು, ಹಳೇ ಕಾಗದ ಅಂಚಿಂದ ಒಳಕ್ಕೆ ಕಂದಾಗುತ್ತೆ. ಗಾಳಿ ಬೆಳಕು ಬಿದ್ದ ಕಡೆ ಜಾಸ್ತಿ, ಮೌಂಟ್ ಮುಚ್ಚಿದ ಕಡೆ ಕಮ್ಮಿ. ಟೀ ಡಿಕಾಕ್ಷನ್ನಲ್ಲಿ ಅದ್ದಿದ್ದಾದ್ರೆ ಎಲ್ಲಾ ಕಡೆ ಒಂದೇ ಸಮ ಇರುತ್ತೆ, ಇಲ್ಲಾ ಅಲ್ಲಲ್ಲಿ ನೀರು ನಿಂತ ಗೆರೆ ಬಿದ್ದಿರುತ್ತೆ. ಬಣ್ಣದ ಮೇಲೆ ಬೆಳಕು ಓರೆಯಾಗಿ ಬಿಟ್ಟು ನೋಡಿ. ಟೆಂಪೆರಾ ಒಣಗಿದ ಮೇಲೆ ಮಂಕು, ಹೊಳಪು ಇರಲ್ಲ. ಪ್ಲಾಸ್ಟಿಕ್ ಥರ ಮಿಂಚಿದರೆ ಅಕ್ರಿಲಿಕ್ ಇರಬಹುದು. 1938ರಲ್ಲಿ ಅಕ್ರಿಲಿಕ್ ಬಣ್ಣದ ಟ್ಯೂಬು ಎಲ್ಲಿತ್ತು?

ದಯವಿಟ್ಟು ಒದ್ದೆ ಹತ್ತಿ ಹಾಕಿ ಉಜ್ಜಬೇಡಿ. ಯೂಟ್ಯೂಬ್ ನೋಡಿ ಉಜ್ಜಿಕೊಂಡು ಬಂದು ಅಳೋರನ್ನ ನೋಡಿದೀನಿ. ಫ್ರೇಮ್ ಬಿಚ್ಚೋದಾದ್ರೆ ಯಾರ ಮುಂದಾದ್ರೂ ಬಿಚ್ಚಿಸಿ, ಮೊದಲಿಂದ ಕೊನೆವರೆಗೂ ವಿಡಿಯೋ ಮಾಡಿ. ಹಿಂದಿನ ಬ್ಯಾಕ್ ಬೋರ್ಡು, ಅಂಟಿಸಿರೋ ಟೇಪು, ಹಳೇ ಮೊಳೆ, ಒಂದೂ ಬಿಸಾಡಬೇಡಿ.

ಬಾಲಿಗಂಜ್_ನಿವೃತ್ತ

ಎಪ್ಪತ್ತರ ದಶಕದ ಆರಂಭದಲ್ಲಿ ಬ್ಯಾಂಕ್ ಕೆಲಸದ ಮೇಲೆ ಕಲ್ಕತ್ತೆಯಲ್ಲಿದ್ದವನು. ಜಾಮಿನಿ ರಾಯ್ ತೀರಿಕೊಂಡದ್ದು 1972ರಲ್ಲಿ. ಅವರ ಮನೆ ಬಾಲಿಗಂಜ್‌ನಲ್ಲೇ, ನಮ್ಮ ಕ್ವಾರ್ಟರ್ಸ್‌ನಿಂದ ನಡೆದು ಹೋಗುವಷ್ಟು ದೂರ. ನಮ್ಮ ಮ್ಯಾನೇಜರ್ ದಾದಾ ಒಬ್ಬರ ಮನೆಯಲ್ಲಿ ಅವರ ಎರಡು ಚಿತ್ರ ಇದ್ದವು. ಸಂಬಳದ ದುಡ್ಡಲ್ಲಿ ಕೊಂಡದ್ದು. ಸಾಮಾನ್ಯ ಜನರ ಗೋಡೆಗೂ ತಮ್ಮ ಚಿತ್ರ ಹೋಗಲಿ ಅಂತ ಅವರು ಬೆಲೆ ಕಡಿಮೆ ಇಟ್ಟಿದ್ದರು. ಯುದ್ಧದ ಕಾಲದಲ್ಲಿ ಕಲ್ಕತ್ತೆಗೆ ಬಂದಿದ್ದ ಬ್ರಿಟಿಷ್, ಅಮೆರಿಕನ್ ಸೈನಿಕರೂ ಕೊಂಡುಕೊಂಡು ಹೋಗಿದ್ದಾರೆ. ಹೊರದೇಶದ ಹರಾಜಿನಲ್ಲಿ ಅವರ ಚಿತ್ರಗಳು ಈಗಲೂ ಕಾಣಿಸಿಕೊಳ್ಳಲು ಅದೂ ಒಂದು ಕಾರಣ.

ನಾನು ಹೇಳಬೇಕೆಂದದ್ದು ಬೇರೆ. ಈ ಮನುಷ್ಯ ಆರ್ಟ್ ಸ್ಕೂಲಿನಲ್ಲಿ ಯುರೋಪಿಯನ್ ಶೈಲಿಯ ತೈಲಚಿತ್ರ ಕಲಿತು, ಅದರಲ್ಲಿ ಹೆಸರು ಮಾಡಿ, ಆಮೇಲೆ ಅದನ್ನೆಲ್ಲ ಬಿಟ್ಟು ಬಂಗಾಳದ ಪಟುವಾಗಳ, ಅಂದರೆ ಪಟ ಬರೆಯುವ ಜನಪದ ಕಲಾವಿದರ ದಾರಿ ಹಿಡಿದವರು. ಪಟುವಾ ಮನೆಯಲ್ಲಿ ಚಿತ್ರ ಅಂದರೆ ಇಡೀ ಸಂಸಾರದ ಕೆಲಸ. ಇವರ ಮನೆಯಲ್ಲೂ ಹಾಗೇ ಆಯಿತು. ಮಕ್ಕಳು, ಶಿಷ್ಯರು ಗೆರೆ ಎಳೆದರು, ಬಣ್ಣ ತುಂಬಿದರು, ಒಂದೇ ವಿನ್ಯಾಸ ಮತ್ತೆ ಮತ್ತೆ ಬಂತು, ಎಲ್ಲದರ ಮೇಲೂ ಒಂದೇ ಸಹಿ. ಅವರಿಗೆ ಇದರಲ್ಲಿ ಮುಚ್ಚುಮರೆ ಇರಲಿಲ್ಲ.

ಹಾಗಾದರೆ ಮಗ ಬರೆದು ಅಪ್ಪ ಸಹಿ ಹಾಕಿದ್ದು ಅಸಲಿಯೋ ನಕಲಿಯೋ? ಮಾರುಕಟ್ಟೆಗೆ ಇದು ದೊಡ್ಡ ತಲೆನೋವು, ನಕಲಿ ಮಾಡುವವನಿಗೆ ಹಬ್ಬ. "ಇದೇ ಥರದ್ದು ಇನ್ನೊಂದು ಮ್ಯೂಸಿಯಂನಲ್ಲಿದೆ" ಅಂತ ಅವನೂ ಹೇಳಬಹುದು, ಅದು ನಿಜವೂ ಆಗಿರುತ್ತದೆ. ನಿಮ್ಮ ಮೂವರು ಹೆಂಗಸರಂಥ ಚಿತ್ರಗಳು ಎಷ್ಟೋ ಇವೆ.

ಇದು ಮನೆಯಲ್ಲಿ ಕೊಳ್ಳುವವರ ಪಾಡು ಮಾತ್ರ ಅಂದುಕೊಳ್ಳಬೇಡಿ. 2011ರಲ್ಲಿ ಕಲ್ಕತ್ತೆಯ ಸರ್ಕಾರಿ ಆರ್ಟ್ ಕಾಲೇಜಿನಲ್ಲೇ ರವೀಂದ್ರನಾಥರದು ಅಂತ 20 ಚಿತ್ರಗಳ ಪ್ರದರ್ಶನ ನಡೆದು, ಕೊನೆಗೆ ಪುರಾತತ್ವ ಇಲಾಖೆಯವರು ಬಂದು ಪರೀಕ್ಷಿಸಿ ಅವು ನಕಲಿ ಅಂದರು. ಅದಕ್ಕೆ ಎರಡು ವರ್ಷ ಮೊದಲು ದೆಹಲಿಯಲ್ಲಿ ಎಸ್. ಎಚ್. ರಜಾ ತಮ್ಮದೇ ಪ್ರದರ್ಶನಕ್ಕೆ ಹೋಗಿ ಗೋಡೆ ನೋಡಿ, "ಇವು ನಾನು ಬರೆದದ್ದಲ್ಲ" ಅನ್ನಬೇಕಾಯಿತು. ರಜಾ ಬದುಕಿದ್ದರು, ಹೇಳಿದರು. ನಿಮ್ಮ ಚಿತ್ರಕ್ಕೆ ಹಾಗೆ ಹೇಳುವವರು ಯಾರು?

ಕರಿಕೋಟು_ಧಾರವಾಡ

ನೋಡ್ರಿ ತಂಗೀ, ನಾ ಧಾರವಾಡದಾಗ ಸಿವಿಲ್ ಪ್ರಾಕ್ಟೀಸ್ ಮಾಡಿದಾಂವ, ಈಗ ಕೋಟು ಗೂಟಕ್ಕ ಹಾಕೀನಿ. ಮ್ಯಾಲ ಬ್ಯಾಂಕಿನ ರಾಯರು ಕೇಳಿದ ಪ್ರಶ್ನಾ ಭಾಳ ಛಲೋ ಅದ, ಆದ್ರ ಕೋರ್ಟಿಗೆ ಅದರ ಉತ್ತರ ಅಷ್ಟ ಬೇಕಾಗೂದಿಲ್ಲ. ಮಗಾ ಬರದಾನೋ ಅಪ್ಪಾ ಬರದಾನೋ, ಜಡ್ಜ್ ಸಾಹೇಬ್ರು ಕುಂಚಾ ಹಿಡದು ನೋಡೂದಿಲ್ಲ. ಅವರು ಕೇಳೂದು ಇಷ್ಟ: ಮಾರಿದಾಂವ ಏನಂತ ಹೇಳಿ ಮಾರ್ಯಾನ? ಎಲ್ಲೆ ಬರ್ಕೊಟ್ಟಾನ? ಆ ಮಾತು ನಂಬಿ ನಿಮ್ಮ ಅಪ್ಪಾರು ರೊಕ್ಕಾ ಕೊಟ್ಟಾರೋ, ತಮ್ಮ ಕಣ್ಣ ನಂಬಿ ಕೊಟ್ಟಾರೋ?

ನಮ್ಮ ಮಾಲು ಮಾರಾಟದ ಕಾಯ್ದೆ 1930ರದು. ಅದಕ್ಕ ತಾಯಿ ಇಂಗ್ಲೆಂಡಿನ 1893ರ ಕಾಯ್ದೆ. ಹಿಂಗಾಗಿ ಅಲ್ಲಿನ ಹಳೇ ತೀರ್ಪು ಇಲ್ಲೆ ಓದಿ ತೋರಿಸಿದ್ರ ಕೋರ್ಟು ಕಿವಿ ಕೊಡ್ತದ. ಎರಡು ಕೇಸು ಹೇಳ್ತೀನಿ, ಎರಡೂ ನಿಮ್ಮ ಮನಿ ಕಥೀನ.

ಒಂದನೇದು. ಲೀಫ್ ಅನ್ನಾಂವ 1944ರಾಗ ಲಂಡನ್ನಿನ ಗ್ಯಾಲರಿಯೊಳಗ 85 ಪೌಂಡು ಕೊಟ್ಟು ಸಾಲ್ಸ್‌ಬರಿ ಚರ್ಚಿನ ಚಿತ್ರಾ ಕೊಂಡ. ಕಾನ್‌ಸ್ಟೆಬಲ್ ಅನ್ನೋ ಇಂಗ್ಲೆಂಡಿನ ದೊಡ್ಡ ಚಿತ್ರಕಾರ ಬರದದ್ದು ಅಂತ ಹೇಳಿ ಕೊಟ್ಟಿದ್ರು. ಐದು ವರ್ಷ ಗ್ವಾಡಿಗೆ ಹಾಕಿ ಸುಖವಾಗಿದ್ದ. ಮಾರಾಕ ಹೋದಾಗ ಹರಾಜಿನವರು "ಇದು ಅವರದಲ್ಲಪಾ" ಅಂದ್ರು. ಹೊಳ್ಳಿ ಬಂದು, ಚಿತ್ರಾ ತಗೊಂಡು ರೊಕ್ಕಾ ಕೊಡ್ರಿ ಅಂತ ದಾವೆ ಹಾಕಿದ. 1950ರಾಗ ಅಪೀಲು ಕೋರ್ಟು ಇಲ್ಲ ಅಂತು. ಮಾಲು ಒಪ್ಪಿಕೊಂಡು ಇಷ್ಟು ವರ್ಷ ಇಟಗೊಂಡ ಮ್ಯಾಲ ಒಪ್ಪಂದಾ ರದ್ದು ಮಾಡಾಕ ಬರೂದಿಲ್ಲ ಅಂತ. ಅಲ್ಲಿ ಜಡ್ಜ್ ಇದ್ದ ಡೆನ್ನಿಂಗ್ ಸಾಹೇಬ್ರ ತೀರ್ಪು ಓದಿದ್ರ ಗೊತ್ತಾಗ್ತದ, ಲೀಫ್ ನುಕಸಾನಿ ಪರಿಹಾರ ಕೇಳಿದ್ರ ದಾರಿ ಇತ್ತು, ಆದ್ರ ಕೇಳಿದ್ದು ರದ್ದತಿ ಒಂದನ್ನ. ವಕೀಲನ ಡ್ರಾಫ್ಟಿಂಗು ನೋಡ್ರಿ ಹೆಂಗ ಕೊಲ್ತದ. ನೀವು ಎರಡೂ ಕೇಳಬೇಕು: ರದ್ದು ಮಾಡಿ ರೊಕ್ಕಾ ಹೊಳ್ಳಿ ಕೊಡಸ್ರಿ, ಅದು ಆಗದಿದ್ರ ನುಕಸಾನಿ ಕೊಡಸ್ರಿ.

ಎರಡನೇದು ಜರ್ಮನ್ ಚಿತ್ರಕಾರ್ತಿ ಗಾಬ್ರಿಯೆಲೆ ಮ್ಯುಂಟರ್ ಹೆಸರಿನ ಚಿತ್ರದ್ದು. ಬೆಲಿ 6,000 ಪೌಂಡು. ಬಿಲ್ಲಿನ ಮ್ಯಾಲ ಆಕಿ ಹೆಸರು ಠಳಠಳ ಬರದಿತ್ತು. ಆದ್ರೂ ಕೊಂಡಾವ್ರು ಸೋತ್ರು! ಯಾಕಂದ್ರ ಮಾರಿದಾಂವ ಮೊದಲ ಹೇಳಿದ್ದ, "ನನಗ ಈ ಪೈಕಿ ಏನೂ ತಿಳಿಯೂದಿಲ್ಲ" ಅಂತ. ಕೊಂಡಾವ್ರು ಜರ್ಮನ್ ಚಿತ್ರಗಳ ವ್ಯಾಪಾರ ಮಾಡಾವ್ರು, ತಮ್ಮ ಪರಿಣತಿ ಮ್ಯಾಲ ಕೊಂಡಾರ ಅಂತು ಕೋರ್ಟು.

ನಿಮ್ಮದು ಇದಕ್ಕ ಪೂರಾ ಉಲ್ಟಾ. ಬಿಲ್ಲಿನಾಗ ಹೆಸರಿಲ್ಲ, ಆದ್ರ ಅದ ಅಂಗಡಿ ಲೆಟರ್‌ಹೆಡ್ಡಿನಾಗ ಸರ್ಟಿಫಿಕೇಟ್ ಅದ. ಬಿಲ್ಲು ಒಂದ ಓದಿ ಗಾಬರಿ ಆಗಬ್ಯಾಡ್ರಿ, ವಿವರಣೆ ಬಿಲ್ಲಿನ ಮ್ಯಾಲ ಇರಬೇಕು ಅಂತ ಕಾಯ್ದೆದಾಗ ಎಲ್ಲೂ ಇಲ್ಲ. "ಡೆಕೊರೇಟಿವ್ ಪೇಂಟಿಂಗ್"ಗೆ ಆರೂವರೆ ಲಕ್ಷ ಯಾರು ಕೊಡ್ತಾರ? ಬೆಲೀನ ಸಾಕ್ಷಿ ಹೇಳ್ತದ.

ಆ ಹಲ್ದಂಕರ್ ಕಥಿ ಇಲ್ಲೆ ಬರದ್ರಿ, ಓದಿ ಖುಷಿ ಆತು. ಕಂಪ್ಲೇಂಟಿನಾಗ ಅದರ ಅಗತ್ಯ ಇಲ್ಲ. ಎದುರಿನ ವಕೀಲ ಪಾಟೀಸವಾಲಿನಾಗ "ನಿಮಗ ಚಿತ್ರಾ ಭಾಳ ತಿಳೀತದಂತಲ್ರೀ" ಅಂತ ಶುರು ಮಾಡೇ ಮಾಡ್ತಾನ. ಸುಳ್ಳ ಹೇಳಬ್ಯಾಡ್ರಿ, ಕೇಳಿದ್ರ ಖರೇ ಹೇಳ್ರಿ. ಹವ್ಯಾಸ ಬ್ಯಾರೆ, ಪರಿಣತಿ ಬ್ಯಾರೆ.

ನಾಲ್ಕು ವರ್ಷದ ಮಾತು. ಸಿವಿಲ್ ದಾವೆಕ್ಕ ಮೂರು ವರ್ಷ ಮುದ್ದತು. ಆದ್ರ ಮೋಸ ಇದ್ದಲ್ಲೆ, ಮೋಸ ಗೊತ್ತಾದ ದಿನದಿಂದ, ಇಲ್ಲಾ ಶಾಣ್ಯಾತನದಿಂದ ನಡಕೊಂಡಿದ್ರ ಗೊತ್ತಾಗಬಹುದಿತ್ತು ಅನ್ನೋ ದಿನದಿಂದ ಎಣಿಸ್ತಾರ, ಲಿಮಿಟೇಶನ್ ಕಾಯ್ದೆ 17ನೇ ಕಲಮು. ಮುಂಬೈ ಇಮೇಲ್ ಬಂಗಾರ, ಅಳಸಬ್ಯಾಡ್ರಿ. ಗ್ರಾಹಕರ ಆಯೋಗಕ್ಕ ಎರಡು ವರ್ಷ, ಕಾರಣ ಕೊಟ್ರ ತಡ ಮನ್ನಾ ಮಾಡಬಹುದು. 2019ರ ಕಾಯ್ದೆ ಬಂದ ಮ್ಯಾಲ ನೀವು ಇರೋ ಊರಿನಾಗ, ಮೈಸೂರಿನಾಗ ಹಾಕಬಹುದು, ಬೆಂಗಳೂರಿಗೆ ಅಲೆಯೂದು ಬ್ಯಾಡ. ಖರ್ಚೂ ಕಡಿಮಿ. ಒಂದ ಅಂಜಿಕಿ: ಮೋಸದ ಆರೋಪ ಜಟಿಲ ಅದ, ಸಾಕ್ಷಿ ವಿಚಾರಣೆ ಬೇಕು, ಸಿವಿಲ್ ಕೋರ್ಟಿಗೆ ಹೋಗ್ರಿ ಅಂತ ಆಯೋಗದವರು ಕೆಲವೊಮ್ಮೆ ಕೈ ತೊಳಕೋತಾರ. ಮತ್ತ, ಗ್ವಾಡಿಗೆ ಹಾಕಾಕ ಕೊಂಡದ್ದು ಅಂತ ಹೇಳ್ರಿ, ಯಾಕಂದ್ರ ವ್ಯಾಪಾರಕ್ಕಂತ ಕೊಂಡಾಂವ ಗ್ರಾಹಕ ಆಗೂದಿಲ್ಲ. ನಿಮ್ಮದು ಹೆಂಗೂ ನಾಲ್ಕು ವರ್ಷ ಗ್ವಾಡಿ ಮ್ಯಾಲ ಇತ್ತಲ್ಲ.

ಪೊಲೀಸ್ ವಿಷಯ. ಮಾರಾಟ 2021ರದು, ಹೊಸ ನ್ಯಾಯ ಸಂಹಿತೆ ಬಂದದ್ದು 2024ರ ಜುಲೈ 1ಕ್ಕ. ಹಿಂಗಾಗಿ ಹಳೇ 420ನೇ ಕಲಮ ನಿಮಗ. ಏಳು ವರ್ಷದ ತನಕ ಶಿಕ್ಷಾ ಇರೋ ಅಪರಾಧ, ಮುದ್ದತಿನ ಅಡ್ಡಿ ಇಲ್ಲ. ಆದ್ರ ಸ್ಟೇಶನ್ನಿನಾಗ ಮೊದಲ ಮಾತು ಏನು ಗೊತ್ತದ? "ಇದು ಸಿವಿಲ್ ಮ್ಯಾಟರ್ರು." ಮಾರೋ ಹೊತ್ತಿಗೇ ಅವಗ ನಕಲಿ ಅಂತ ಗೊತ್ತಿತ್ತು ಅನ್ನೂದು ತೋರಿಸಬೇಕು. "ನಾನೂ ಮೋಸ ಹೋಗೀನಿ ಸಾಹೇಬ್ರ" ಅಂತ ಅಂವ ಅಂದ್ರ 420 ಅಲ್ಲೇ ಕುಂಟ್ತದ. ಸಿವಿಲ್ ಮಾತ್ರ ಕುಂಟೂದಿಲ್ಲ. ಅವಗ ಗೊತ್ತಿರಲಿ ಬಿಡಲಿ, ಕೊಟ್ಟ ಮಾತಿನ ಹಂಗ ಮಾಲು ಇಲ್ಲಾಂದ್ರ ಜವಾಬ್ದಾರಿ ಅವನದ.

ಅಪ್ಪಾರ ಗೆಳೆಯಾ ಹೇಳಿದ್ದು ಮರ್ತುಬಿಡ್ರಿ. ನಿಮಗ ಈಗ ಗೊತ್ತಾಗೇದ. ಗೊತ್ತಿದ್ದೂ ಜಾಮಿನಿ ರಾಯ್ ಅಂತ ಮಾರಿದ್ರ ಹೊಸ ಸಂಹಿತೆಯ 318ನೇ ಕಲಮು ನಿಮ್ಮ ಮನೀಗೇ ಬರ್ತದ.

ಎಡಿಸನ್_ಕನ್ನಡಿಗ

ಅಕ್ಕನಿಗೆ ಹೇಳಿ, ಇಲ್ಲಿ ದೊಡ್ಡವರೂ ಬಿದ್ದಿದ್ದಾರೆ. ನ್ಯೂಯಾರ್ಕಿನ ನೋಡ್ಲರ್ ಗ್ಯಾಲರಿ, 1846ರಿಂದ ಇದ್ದದ್ದು, 2011ರಲ್ಲಿ ಬಾಗಿಲು ಹಾಕಿತು. ಅಮೆರಿಕದ ಹೆಸರಾಂತ ಕಲಾವಿದರಾದ ರಾತ್ಕೊ, ಪೊಲಾಕ್ ಅವರದು ಅಂತ ಹೇಳಿ ಆ ಗ್ಯಾಲರಿಯವರು ಮಾರಿದ ಎಷ್ಟೋ ಚಿತ್ರಗಳನ್ನು ಕ್ವೀನ್ಸ್‌ನಲ್ಲಿದ್ದ ಒಬ್ಬ ಚೀನೀ ಕಲಾವಿದ ಬರೆದಿದ್ದ. ಒಂದರ ಮೇಲೆ ಪೊಲಾಕ್ ಹೆಸರಿನಲ್ಲೇ ಒಂದು ಅಕ್ಷರ ಬಿಟ್ಟುಹೋಗಿತ್ತು! ಒಂದು "ರಾತ್ಕೊ"ಗೆ 83 ಲಕ್ಷ ಡಾಲರ್ ಕೊಟ್ಟಿದ್ದ ದಂಪತಿ ಕೋರ್ಟಿಗೆ ಹೋದರು, 2016ರಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ರಾಜಿಯಾಯಿತು. ಗ್ಯಾಲರಿ ಕಡೆಯವರ ವಾದವೂ ವಕೀಲರು ಮೇಲೆ ಹೇಳಿದ ಹಾಗೇ, "ಕೊಳ್ಳುವವರೇ ವಿಚಾರಿಸಬೇಕಿತ್ತು" ಅಂತ.

ಕಳಿಸುವ ಮೊದಲು ಭಾರತದ ಕಡೆ ಕಸ್ಟಮ್ಸ್ ವಿಚಾರಿಸಿ. ನಾನು ಅಜ್ಜಿಯ ತಂಜಾವೂರು ಪಟ ತರುವಾಗ ಪುರಾತತ್ವ ಇಲಾಖೆಯ ಸರ್ಟಿಫಿಕೇಟ್ ಕೇಳಿದ್ದರು.

ಸರಸ್ವತಿಪುರಂ_7

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಾರ್ಚ್ ತರಿಸಿ ನಿನ್ನೆ ರಾತ್ರಿ ನೋಡಿದೆವು. ಮೌಂಟ್ ಸಂದಿಯಲ್ಲಿ ಕಾಣುವ ಚಿತ್ರದ ಕಾಗದವೇ ನೀಲಿಗೆ ಹೊಳೆಯುತ್ತಿದೆ. ಮೌಂಟ್ ಹೊಳೆಯುತ್ತಿಲ್ಲ.

ವಕೀಲರಿಗೆ ಎರಡು ವಿಷಯ ಹೇಳಬೇಕು. ಒಂದು, ಆರೂವರೆಯಲ್ಲಿ ನಾಲ್ಕು ಲಕ್ಷ ಬ್ಯಾಂಕಿನಿಂದ ಹೋಗಿದೆ, ಬಿಲ್ ಅಷ್ಟಕ್ಕೇ ಇದೆ. ಉಳಿದ ಎರಡೂವರೆ ಲಕ್ಷ ಅವರು ಕ್ಯಾಶ್ ಕೇಳಿದರು, "ಜಿಎಸ್‌ಟಿ ಉಳಿಯುತ್ತೆ" ಅಂತ. ಅಪ್ಪ ಕೊಟ್ಟಿದ್ದಾರೆ. ಇದರಿಂದ ನಮಗೇ ತೊಂದರೆ ಆಗುತ್ತಾ?

ಎರಡು, ಅಮ್ಮನ ಫೋನಿನಲ್ಲಿ ಗ್ಯಾಲರಿಯವರ ವಾಟ್ಸಾಪ್ ಸಿಕ್ಕಿತು, 2021ರ ಮೇ ತಿಂಗಳದ್ದು. ಅಕ್ಕ ಆಗ ಅಮೆರಿಕಕ್ಕೆ ಹೊರಟಿದ್ದಳು, ಅವಳ ಮನೆಗೇ ಕೊಟ್ಟುಬಿಡೋಣ ಅಂತ ಅಮ್ಮ ಕೇಳಿದ್ದರಂತೆ. ಅವರ ಉತ್ತರ ಹಾಗೇ ಹಾಕುತ್ತೇನೆ: "ನೋ ಪ್ರಾಬ್ಲಂ ಮೇಡಂ, ಜಾಮಿನಿ ರಾಯ್ ಎರಡು ಪ್ಲೈವುಡ್ ನಡುವೆ ಪ್ಯಾಕ್ ಮಾಡಿ ಹ್ಯಾಂಡಿಕ್ರಾಫ್ಟ್ ಅಂತ ಹಾಕಿ ಕೊರಿಯರ್ ಮಾಡಿಸ್ತೀನಿ, ನಮ್ಮ ಹುಡುಗರು ದಿನಾ ಕಳಿಸ್ತಾರೆ."

ಕರಿಕೋಟು_ಧಾರವಾಡ

ಅಯ್ಯೋ ತಂಗೀ, ಇದನ್ನ ಮೊದಲ ಹೇಳಬೇಕಿಲ್ಲೇನು!

1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆ ಅಂತ ಅದ. ನೂರು ವರ್ಷ ತುಂಬದ ಕೃತೀನೂ, ಕಲಾವಿದ ತೀರಿಹೋದ ಮ್ಯಾಲ, ಕೇಂದ್ರ ಸರಕಾರ ಕಲಾನಿಧಿ ಅಂತ ಘೋಷಣೆ ಮಾಡಬಹುದು. ಹಂಗ ಒಂಬತ್ತು ಕಲಾವಿದರ ಕೃತಿಗಳದು ಮಾಡ್ಯಾರ. ರವಿವರ್ಮ, ರವೀಂದ್ರನಾಥ, ಅಮೃತಾ ಶೇರ್‌ಗಿಲ್, ನಂದಲಾಲ್ ಬೋಸ್, ನಿಕೊಲಸ್ ರೋರಿಕ್, ಹಿಂಗ. ಜಾಮಿನಿ ರಾಯರದು 1976ರಾಗ ಆತು. ಅಂದ್ರ ಅವರ ಚಿತ್ರಾ ದೇಶದೊಳಗ ಯಾರೂ ಕೊಳ್ಳಬಹುದು ಮಾರಬಹುದು, ದೇಶದ ಹೊರಗ ಒಯ್ಯೋ ಹಂಗಿಲ್ಲ. ಒಯ್ದ್ರ ಕಡಿಮಿ ಅಂದ್ರೂ ಆರು ತಿಂಗಳು, ಮೂರು ವರ್ಷದ ತನಕ ಜೇಲು, ಮ್ಯಾಲ ದಂಡ.

ಈಗ ಆ ವಾಟ್ಸಾಪ್ ಹೊಳ್ಳಿ ಓದ್ರಿ. ಜಾಮಿನಿ ರಾಯ್ ಮಾರೋ ಅಂಗಡಿಯಾಂವಗ ಈ ಕಾಯ್ದೆ ಗೊತ್ತಿಲ್ಲ ಅಂದ್ರ ಯಾರೂ ನಂಬೂದಿಲ್ಲ, ಆ ಧಂದೆದಾಗ ಮೊದಲ ಕಲಿಯೂ ಪಾಠಾನ ಅದು. ಅಸಲಿ ಅಂತ ಅಂವ ನಂಬಿದ್ದ ಅಂದ್ರ, ಕಳ್ಳಸಾಗಣಿ ಮಾಡಿಕೊಡ್ತೀನಿ ಅಂತ ತನ್ನ ಕೈಯ್ಯಾರೆ ಬರ್ಕೊಟ್ಟಾನ. ನಕಲಿ ಅಂತ ಗೊತ್ತಿತ್ತು ಅಂದ್ರ, ನಿಮ್ಮ ಅಪ್ಪಾರಿಗೆ ಮೋಸಾ ಮಾಡ್ಯಾನ. ಪಾಟೀಸವಾಲಿನಾಗ ಯಾವ ಬಾಗಿಲದಿಂದ ಹೊರಗ ಹೋಗ್ತೀಯಪಾ ಅಂತ ಅವನ್ನ ಕೇಳೂದು. ನನಗ ಮತ್ತ ಕೋಟು ಹಾಕ್ಕೋಬೇಕು ಅನಿಸಾಕತ್ತದ.

ಅದರಾಗ "ಜಾಮಿನಿ ರಾಯ್" ಅಂತ ಹೆಸರು ಹಿಡದ ಬರದಾನ. ಬಿಲ್ಲಿನಾಗ ಇಲ್ಲದ್ದು ಇಲ್ಲೆ ಸಿಕ್ತು. ಆ ಫೋನು ರಿಪೇರಿಗೆ ಕೊಡಬ್ಯಾಡ್ರಿ, ಹೊಸ ಫೋನಿಗೆ ಬದಲ ಮಾಡಬ್ಯಾಡ್ರಿ, ಬರೇ ಸ್ಕ್ರೀನ್‌ಶಾಟ್ ನೆಚ್ಚಬ್ಯಾಡ್ರಿ. ಎಲೆಕ್ಟ್ರಾನಿಕ್ ಸಾಕ್ಷಿಗೆ ಮೊದಲ 65ಬಿ ಸರ್ಟಿಫಿಕೇಟ್ ಅಂತಿದ್ವಿ, ಈಗ ಸಾಕ್ಷ್ಯ ಅಧಿನಿಯಮದ 63ನೇ ಕಲಮು. ನಿಮ್ಮ ಅಮ್ಮಾರ ಫೋನು, ಅಮ್ಮಾರ ಸಹಿ ಬೇಕಾಗ್ತದ.

ರೋಖಾ ರೊಕ್ಕದ್ದು. ಒಂದ ವ್ಯವಹಾರದಾಗ ಎರಡು ಲಕ್ಷ ಅಥವಾ ಮ್ಯಾಲ ರೋಖಾ ತಗೊಳ್ಳೂದು ಆಗಿನ 1961ರ ಆದಾಯ ತೆರಿಗಿ ಕಾಯ್ದೆಯ 269ಎಸ್‌ಟಿ ಪ್ರಕಾರ ಬರೂದಿಲ್ಲ. ದಂಡ ಬೀಳೂದು ತಗೊಂಡಾವಗ, ಕೊಟ್ಟಾವಗಲ್ಲ. ಆದ್ರ "ತಗೊಂಡೇ ಇಲ್ಲ" ಅಂತಾನ ಅಂವ. ಆ ವಾರ ಅಪ್ಪಾರು ಬ್ಯಾಂಕಿನಿಂದ ತಗದಿದ್ರ ಪಾಸ್‌ಬುಕ್ಕು ಹುಡುಕ್ರಿ. ಸಿಗಲಿಲ್ಲಂದ್ರೂ ನಾಲ್ಕು ಲಕ್ಷದ ಮಾತು ಗಟ್ಟಿ ಅದ.

ಫ್ರೇಮಿನವರು ಹೇಳಿದ ಟಾರ್ಚಿಂದು ನಿಮ್ಮ ಸಮಾಧಾನಕ್ಕ. ಕೋರ್ಟಿಗೆ ಅದು ಸಾಕ್ಷಿ ಅಲ್ಲ. ಕಾಗದಾ, ಬಣ್ಣಾ ಪರೀಕ್ಷಾ ಮಾಡಿ ವರದಿ ಬರದು, ಕಟಕಟಿಗೆ ಬಂದು ಪಾಟೀಸವಾಲು ತಡಕೊಳ್ಳೋ ತಜ್ಞರು ಬೇಕು. ವರದಿ ಕೊಡಾಕ ಭಾಳ ಮಂದಿ ಇರ್ತಾರ, ಕಟಕಟಿಗೆ ಬರಾಕ ಒಬ್ಬರೂ ಇರೂದಿಲ್ಲ. ಮೊದಲ ಕೇಳಿ ಖಾತ್ರಿ ಮಾಡಕೊಂಡ ರೊಕ್ಕಾ ಕೊಡ್ರಿ. ಒಂದು ಸಮಾಧಾನ: ನಿಮ್ಮ ತಜ್ಞ "ಇದನ್ನ ಯಾರು ಬರದಾರ" ಅಂತ ಹೇಳಬೇಕಿಲ್ಲ. ಮಗನೋ ಅಪ್ಪನೋ ಅನ್ನೋ ಜಗಳಕ್ಕ ಇಳಿಯಬೇಕಿಲ್ಲ. ಸರ್ಟಿಫಿಕೇಟಿನಾಗ 1938 ಅಂತ ಅದ. ಈ ಕಾಗದ 1938ರಾಗ ಹುಟ್ಟೇ ಇರಲಿಲ್ಲ ಅಂದ್ರ ಸಾಕು.

ಚಿತ್ರಾ ಅವರಿಗೆ ಹೊಳ್ಳಿ ಕೊಡಬ್ಯಾಡ್ರಿ, "ತಂದು ಕೊಡ್ರಿ, ನೋಡೂಣು" ಅಂತ ಸಕ್ಕರಿ ಮಾತಾಡ್ತಾರ. ಹೋತು ಅಂದ್ರ ಸಾಕ್ಷೀನ ಹೋತು. ಅಕ್ಕಾರಿಗೂ ಈಗ ಬ್ಯಾಡ. ಕೇಸು ಮುಗದ ಮ್ಯಾಲ ನಕಲಿ ಅಂತ ಕಾಗದದ ಮ್ಯಾಲ ಬಂದ್ರ, ಪುರಾತತ್ವ ಇಲಾಖೆಯವರ ಕಡೆ ಸರ್ಟಿಫಿಕೇಟ್ ಮಾಡಿಸಿ ಬೇಕಾದ್ರ ಒಯ್ಲಿ.

ಗಾಜು_ಚೌಕಟ್ಟು

ಮೌಂಟ್ ಹೊಳೆಯಲ್ಲ, ಚಿತ್ರ ಹೊಳೆಯುತ್ತೆ! ಹಳೇ ಯಾವುದೋ ಫೋಟೋ ಫ್ರೇಮಿಂದ ಮೌಂಟ್ ಕಿತ್ತು ಹಾಕಿದಾರೆ ಮೇಡಂ, ಹಳೇದು ಅಂತ ಕಾಣಲಿ ಅಂತ. ಫ್ರೇಮ್ ಬಿಚ್ಚುವಾಗ ಮೌಂಟ್ ಒಳಬದಿ ನೋಡಿ. ಹಳೇ ಚಿತ್ರದ ಅಳತೆಗೆ ಬಿದ್ದಿರೋ ಕಲೆ ಈ ಚಿತ್ರದ ಅಳತೆಗೆ ಕೂರಲ್ಲ. ಅದರದ್ದೂ ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು.

ಸರಸ್ವತಿಪುರಂ_7

ಸರಿ, ಇಲ್ಲೇ ಒಬ್ಬ ವಕೀಲರನ್ನು ನೋಡುತ್ತೇವೆ. ಇನ್ನೊಂದೇ ಪ್ರಶ್ನೆ. ಅಪ್ಪನಿಗೆ ನಾವು ಇನ್ನೂ ಹೇಳಿಲ್ಲ. ಹರಾಜಿನವರು ತಡ ಮಾಡುತ್ತಿದ್ದಾರೆ ಅಂತಲೇ ಹೇಳಿಕೊಂಡು ಬಂದಿದ್ದೇವೆ. ಬಿಪಿ ಇದೆ. ಅಮ್ಮ ಅಥವಾ ನಾನು ನಮ್ಮ ಹೆಸರಲ್ಲಿ ನೋಟಿಸ್ ಕಳಿಸಬಹುದಾ?

ಕರಿಕೋಟು_ಧಾರವಾಡ

ಬಿಲ್ಲು ಯಾರ ಹೆಸರಿಗದ? ಅಪ್ಪಾರ ಹೆಸರಿಗೆ. ರೊಕ್ಕಾ ಯಾರ ಖಾತೆದಿಂದ ಹೋಗೇದ? ಅಪ್ಪಾರ ಖಾತೆದಿಂದ. ನೋಟಿಸು ಅವರ ಹೆಸರಿನಾಗ ಹೋಗಬೇಕು, ಸರ್ಟಿಫಿಕೇಟ್ ನಂಬಿ ಕೊಂಡೆ ಅಂತ ಪ್ರಮಾಣ ಮಾಡಿ ಹೇಳೂದೂ ಅವರ ಹೇಳಬೇಕು. ನೀವು ಮುಖತ್ಯಾರಪತ್ರ ತಗೊಂಡು ಓಡ್ಯಾಡಬಹುದು, ಆದ್ರ ಅವತ್ತು ಅಂಗಡಿಯೊಳಗ ಏನು ಮಾತಾತು ಅನ್ನೂದು ಅವರಿಗೆ ಮಾತ್ರ ಗೊತ್ತು, ಮುಖತ್ಯಾರ ಹಿಡದಾವ್ರು ಅದನ್ನ ಅವರ ಪರವಾಗಿ ಸಾಕ್ಷಿ ಹೇಳಾಕ ಬರೂದಿಲ್ಲ.

ನಾಳೆ ಮುಂಜಾನೆ ಬಿಪಿ ಗುಳಿಗಿ ಕೊಟ್ಟ ಮ್ಯಾಲ ಹೇಳ್ರಿ. ಹೇಳೂವಾಗ ಆ ವಾಟ್ಸಾಪೂ ತೋರಸ್ರಿ. ಎಂಜಿನಿಯರ್ ಮನುಷ್ಯಾ, ತಪ್ಪು ಎಲ್ಲೆ ಸಿಕ್ಕೇದ ಅಂತ ಕಂಡ್ರ ಸಿಟ್ಟು ಆ ಕಡೆ ಹೋಗ್ತದ. ಅವತ್ತು ಅಂಗಡಿಯೊಳಗ ಯಾರ್ಯಾರಿದ್ರು, ಯಾರು ಏನಂದ್ರು, ಚಿತ್ರಾ ಎಲ್ಲಿಂದ ತಗದು ತೋರಿಸಿದ್ರು, ಎಲ್ಲಾ ಅವರ ಕೈಲೇ ಒಂದು ಹಾಳಿ ಮ್ಯಾಲ ತಾರೀಖು ಹಾಕಿ ಬರಸ್ರಿ, ವಕೀಲರ ಕಡೆ ಹೋಗೂಕಿಂತ ಮೊದಲ.